ಐದು ಮುಗಿಸಿದವರು ಆರಕ್ಕೆ ಎಲ್ಲಿ ಹೋದರು?

ಜೂನ್ ಬಂತೆಂದರೆ ಪತ್ರಿಕೆಗಳ ಜಿಲ್ಲಾ ಪುಟದಲ್ಲಿ ಒಂದೇ ಬಗೆಯ ಸುದ್ದಿ: ಸರ್ಕಾರಿ ಶಾಲೆಯಲ್ಲಿ ದಾಖಲಾತಿ ಕುಸಿತ, ಒಂದನೇ ತರಗತಿಗೆ ಮಕ್ಕಳಿಲ್ಲ. ಒಂದನೇ ತರಗತಿಯ ಮೇಲೆ ಇಷ್ಟೆಲ್ಲ ಕಣ್ಣಿಟ್ಟವರು ಆರನೇ ತರಗತಿಯ ಹಾಜರಿ ಪುಸ್ತಕ ತೆರೆದು ನೋಡುವುದು ಅಪರೂಪ. ಗ್ರಾಮೀಣ ತಾಲ್ಲೂಕಿನ ಹಿರಿಯ ಪ್ರಾಥಮಿಕ ಶಾಲೆಯ ಹಣೆಬರಹ ಬಹುಮಟ್ಟಿಗೆ ತೀರ್ಮಾನವಾಗುವುದು ಏಪ್ರಿಲ್‌ನಿಂದ ಜೂನ್ ಕೊನೆಯವರೆಗೆ, ಮಕ್ಕಳು ಐದು ದಾಟಿ ಆರಕ್ಕೆ ಕಾಲಿಡುವ ಹೊತ್ತಿನಲ್ಲಿ. ಯಾರು ಬಂದರು, ಯಾರು ಹೋದರು, ಹೋದವರು ಎಲ್ಲಿಗೆ ಹೋದರು ಎಂಬುದನ್ನು ಹೆಸರು ಹಿಡಿದು ಎಣಿಸದೆ ಆ ಶಾಲೆಯ ದಾಖಲಾತಿಯ ಬಗ್ಗೆಯಾಗಲಿ, ಕಲಿಕೆಯ ಬಗ್ಗೆಯಾಗಲಿ ಮಾತಾಡಿದರೆ ತಪ್ಪು ತೀರ್ಮಾನಕ್ಕೆ ಬರುತ್ತೇವೆ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರು, ಸಿಆರ್‌ಪಿಗಳು (ಅಕ್ಕಪಕ್ಕದ ಶಾಲೆಗಳ ಗುಂಪಾದ ಕ್ಲಸ್ಟರಿನ ಸಂಪನ್ಮೂಲ ವ್ಯಕ್ತಿಗಳು), ಹಳ್ಳಿ ಶಾಲೆಯ ಬಗ್ಗೆ ಕಾಳಜಿ ಇರುವ ಹಳೆಯ ವಿದ್ಯಾರ್ಥಿಗಳು ಈ ಲೆಕ್ಕವನ್ನು ತಾವೇ ಹಾಕಬಹುದು.

ಮೊದಲು ಶಾಲೆಗಳ ಜೋಡಣೆ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ, ದೇಶದ ಎಲ್ಲ ಶಾಲೆಗಳ ಮಾಹಿತಿ ಸಂಗ್ರಹಿಸುವ ಯುಡೈಸ್ ಲೆಕ್ಕದ ಪ್ರಕಾರ 6ರಿಂದ 8 ಒಂದು ಹಂತ. ಕರ್ನಾಟಕದಲ್ಲಿ ಹಿಂದಿನಿಂದ ನಡೆದು ಬಂದದ್ದು ಏಳರವರೆಗೆ ಪ್ರಾಥಮಿಕ, ಎಂಟರಿಂದ ಹೈಸ್ಕೂಲು. ಹೀಗಾಗಿ ಸಣ್ಣ ಊರಿನಲ್ಲಿ ಒಂದರಿಂದ ಐದರ ಕಿರಿಯ ಪ್ರಾಥಮಿಕ ಶಾಲೆ, ಸ್ವಲ್ಪ ದೊಡ್ಡ ಊರಿನಲ್ಲಿ ಒಂದರಿಂದ ಏಳರ ಹಿರಿಯ ಪ್ರಾಥಮಿಕ ಶಾಲೆ, ಕೆಲವು ಕಡೆ ಮಾತ್ರ ಅದಕ್ಕೇ ಎಂಟನೇ ತರಗತಿಯ ಸೇರ್ಪಡೆ, ಹೋಬಳಿ ಮಟ್ಟದಲ್ಲಿ ಹೈಸ್ಕೂಲು. ದೇಶದ ಲೆಕ್ಕದಲ್ಲಿ ಒಂದೇ ಹಂತವಾಗಿರುವ ಮೂರು ವರ್ಷದಲ್ಲಿ ನಮ್ಮ ಹಳ್ಳಿಯ ಮಗು ಎರಡು ಸಲ ಟಿಸಿ ತೆಗೆದುಕೊಳ್ಳಬೇಕಾಗಬಹುದು: ಐದರ ನಂತರ ಒಮ್ಮೆ, ಏಳರ ನಂತರ ಇನ್ನೊಮ್ಮೆ. ಟಿಸಿ ಕೈಗೆ ಬಂದ ದಿನ ಮಗು ಯಾವ ಶಾಲೆಯ ಮಗುವೂ ಅಲ್ಲ. ಹಳೆಯ ಶಾಲೆ ಕಳಿಸಿಕೊಟ್ಟಾಗಿದೆ, ಹೊಸ ಶಾಲೆಗೆ ಆ ಮಗು ಇದೆಯೆಂದೇ ಗೊತ್ತಿಲ್ಲ. ಮಕ್ಕಳು ಕಳೆದುಹೋಗುವುದು ಈ ಸಂದಿಯಲ್ಲೇ.

ಮೂರು ಮಕ್ಕಳು ಕಮ್ಮಿ ಎಂದು ಕಂಡಲ್ಲಿ ಹದಿನೆಂಟು

ಲೆಕ್ಕಕ್ಕೆಂದು ಒಂದು ಶಾಲೆ ಇಟ್ಟುಕೊಳ್ಳೋಣ. ಮಾರ್ಚ್‌ನಲ್ಲಿ ಅಲ್ಲಿ ಐದನೇ ತರಗತಿಯಲ್ಲಿ 34 ಮಕ್ಕಳು. ಜೂನ್ ಕೊನೆಗೆ ಆರನೇ ತರಗತಿಯಲ್ಲಿ 31. ಕ್ಲಸ್ಟರ್ ಸಭೆಯಲ್ಲಿ ಇದನ್ನು ನೋಡಿದವರು ಮೂರು ಮಕ್ಕಳು ಕಡಿಮೆ, ಪರವಾಗಿಲ್ಲ ಎಂದು ಮುಂದೆ ಹೋಗುತ್ತಾರೆ.

ಆದರೆ ಈ ಶಾಲೆಗೆ ಸುತ್ತಲಿನ ಮೂರು ಕಿರಿಯ ಪ್ರಾಥಮಿಕ ಶಾಲೆಗಳಿಂದ ಮಕ್ಕಳು ಬರಬೇಕು. ಅಲ್ಲಿ ಐದು ಮುಗಿಸಿದವರು 6, 4 ಮತ್ತು 5, ಒಟ್ಟು 15. ಅಂದರೆ ಆರನೇ ತರಗತಿಯಲ್ಲಿ ಇರಬೇಕಾದವರು 49, ಇರುವವರು 31. ಹೋದವರು 18. ಒಂದೊಂದೇ ಹೆಸರು ಹಿಡಿದು ವಿಚಾರಿಸಿದರೆ ಇಂಥ ಚಿತ್ರ ಸಿಗುತ್ತದೆ: ಮೊರಾರ್ಜಿ ಅಥವಾ ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗೆ ಐವರು, ಸರ್ಕಾರದ್ದೇ ಇಂಗ್ಲಿಷ್ ಮಾಧ್ಯಮ ಶಾಲೆಯಾದ ಆದರ್ಶ ವಿದ್ಯಾಲಯಕ್ಕೆ ಇಬ್ಬರು, ಕೇಂದ್ರದ ವಸತಿ ಶಾಲೆಯಾದ ನವೋದಯಕ್ಕೆ ಒಬ್ಬರು, ತಾಲ್ಲೂಕು ಕೇಂದ್ರದ ಖಾಸಗಿ ಇಂಗ್ಲಿಷ್ ಮಾಧ್ಯಮಕ್ಕೆ ನಾಲ್ವರು, ಮನೆಯವರ ಜೊತೆ ಗುಳೆ ಹೋದವರು ಮೂವರು, ಅಜ್ಜಿ ಊರಿನ ಸರ್ಕಾರಿ ಶಾಲೆಗೆ ಒಬ್ಬರು. ಉಳಿದ ಇಬ್ಬರ ಬಗ್ಗೆ ಯಾರಿಗೂ ಗೊತ್ತಿಲ್ಲ.

ಈ ಕೊನೆಯ ಇಬ್ಬರನ್ನು ಕಂಡುಹಿಡಿಯುವುದಕ್ಕೇ ಇಡೀ ಲೆಕ್ಕ. "ಮೂರು ಕಮ್ಮಿ" ಎಂಬ ಸಾಲಿನೊಳಗೆ ಅವರು ಕಾಣುವುದಿಲ್ಲ, ಏಕೆಂದರೆ ಬೇರೆ ಊರಿಂದ ಬಂದವರ ಸಂಖ್ಯೆ ಹೋದವರ ಸಂಖ್ಯೆಯನ್ನು ಮುಚ್ಚಿಹಾಕಿದೆ. ಹಾಗಾಗಿ ಹಿರಿಯ ಪ್ರಾಥಮಿಕ ಶಾಲೆಯವರು ತಮ್ಮ ಐದನೇ ತರಗತಿಯನ್ನಷ್ಟೇ ನೋಡಿದರೆ ಸಾಲದು. ಮಾರ್ಚ್ ಮುಗಿಯುವ ಮುಂಚೆ ಸುತ್ತಲಿನ ಕಿರಿಯ ಶಾಲೆಗಳ ಐದನೇ ತರಗತಿಯ ಪಟ್ಟಿಯನ್ನು ಸ್ಯಾಟ್ಸ್ ಸಂಖ್ಯೆಯ (ರಾಜ್ಯದ ವಿದ್ಯಾರ್ಥಿ ದಾಖಲೆಯಲ್ಲಿ ಪ್ರತಿ ಮಗುವಿಗೂ ಇರುವ ಸಂಖ್ಯೆ) ಸಮೇತ ತರಿಸಿಕೊಳ್ಳಬೇಕು. ಒಂದು ಹಾಳೆ ಸಾಕು: ಹೆಸರು, ಸ್ಯಾಟ್ಸ್ ಸಂಖ್ಯೆ, ಊರು, ಪೋಷಕರ ಫೋನ್, ಮುಂದೆ ಎಲ್ಲಿ ಎಂಬ ಖಾಲಿ ಅಂಕಣ. ಆ ಖಾಲಿ ಅಂಕಣ ಜೂನ್ 30ರೊಳಗೆ ಪೂರ್ತಿ ತುಂಬಿರಬೇಕು. "ಬೇರೆ ಊರಿಗೆ ಹೋದರು" ಎಂದು ಬರೆದರೆ ಅದನ್ನು ತುಂಬಿದ್ದಾಗಿ ಎಣಿಸಬೇಡಿ. ಯಾವ ಊರು, ಯಾವ ಶಾಲೆ, ಅಲ್ಲಿ ದಾಖಲಾಗಿದ್ದಾರೆಯೇ ಎಂಬುದು ಬೇಕು.

ವಸತಿ ಶಾಲೆಗಳ ಕಡೆಗಿನ ಈ ಹರಿವನ್ನು ದೂರುವಂತಿಲ್ಲ. ಬಡವರ ಮನೆಯ ಮಗುವಿಗೆ ಊಟ, ಹಾಸಿಗೆ, ಪಾಠ ಎಲ್ಲವೂ ಸಿಗುವ ಜಾಗ ಅದು. ಆದರೆ ಅದರ ಪ್ರಮಾಣ ತಿಳಿದಿರಬೇಕು. ಕ್ರೈಸ್ (ಕರ್ನಾಟಕ ವಸತಿ ಶಿಕ್ಷಣ ಸಂಸ್ಥೆಗಳ ಸಂಘ) ಅಡಿಯ ಮೊರಾರ್ಜಿ, ಕಿತ್ತೂರು ಚೆನ್ನಮ್ಮ ಶಾಲೆಗಳಲ್ಲಿ ಸಾಮಾನ್ಯವಾಗಿ ಆರನೇ ತರಗತಿಗೆ 50 ಸೀಟು. ರಾಜ್ಯದಲ್ಲಿ 74 ಆದರ್ಶ ವಿದ್ಯಾಲಯಗಳಿದ್ದು ಒಂದೊಂದರಲ್ಲೂ ಆರನೇ ತರಗತಿಗೆ 80. ನವೋದಯಕ್ಕೆ ಜಿಲ್ಲೆಗೆ 80, ಅದರಲ್ಲಿ ಕನಿಷ್ಠ ಶೇ 75 ಗ್ರಾಮೀಣ ಮಕ್ಕಳಿಗೆ. ಎಲ್ಲವಕ್ಕೂ ಪ್ರವೇಶ ಪರೀಕ್ಷೆ ಇದೆ, ಎಲ್ಲವೂ ಆರನೇ ತರಗತಿಯಿಂದಲೇ ಶುರು. ಒಂದು ಆದರ್ಶ, ನಾಲ್ಕು ವಸತಿ ಶಾಲೆ ಇರುವ ತಾಲ್ಲೂಕಿನಲ್ಲಿ ಅದೊಂದೇ 280 ಸೀಟು. ಪರೀಕ್ಷೆ ಪಾಸಾಗಬಲ್ಲ ಇಷ್ಟು ಮಕ್ಕಳು ಒಂದೇ ಬೇಸಿಗೆಯಲ್ಲಿ ಹಳ್ಳಿ ಶಾಲೆಗಳಿಂದ ಎದ್ದು ಹೋಗುತ್ತಾರೆ. ಅವರಿಗೆ ಐದು ವರ್ಷ ಅಕ್ಷರ, ಮಗ್ಗಿ ಕಲಿಸಿದ್ದು ಅದೇ ಹಳ್ಳಿ ಶಾಲೆ. ಆ ಶಾಲೆಯ ಫಲಿತಾಂಶದಲ್ಲಿ ಮಾತ್ರ ಅವರು ಇರುವುದಿಲ್ಲ.

ಇದರ ಪರಿಣಾಮ ಸರಾಸರಿಯ ಮೇಲೆ ಹೇಗಾಗುತ್ತದೆ ನೋಡಿ. ಆ 49 ಮಕ್ಕಳ ಗಣಿತದ ಸರಾಸರಿ ಹತ್ತಕ್ಕೆ 6 ಇತ್ತು ಎನ್ನಿ, ಒಟ್ಟು 294 ಅಂಕ. ಪ್ರವೇಶ ಪರೀಕ್ಷೆ ಬರೆದು ಹೋದ ಎಂಟು ಮಕ್ಕಳ ಸರಾಸರಿ 9, ಅಂದರೆ 72 ಅಂಕ ಅವರ ಜೊತೆ ಹೋಯಿತು. ಉಳಿದ 41 ಮಕ್ಕಳಿಗೆ 222. ಸರಾಸರಿ 5.4. ಯಾರೂ ಮರೆತಿಲ್ಲ, ಯಾವ ಶಿಕ್ಷಕರೂ ಕಲಿಸುವುದನ್ನು ಬಿಟ್ಟಿಲ್ಲ, ಆದರೂ ಶಾಲೆ ಕುಸಿದಂತೆ ಕಾಣುತ್ತದೆ. ಮುಂದಿನ ವರ್ಷ ಇದನ್ನೇ ಹಿಡಿದು ಊರಿನವರು ಇನ್ನೂ ನಾಲ್ಕು ಮಕ್ಕಳ ಟಿಸಿ ಕೇಳುತ್ತಾರೆ. ಏಳನೇ ತರಗತಿಯ ಫಲಿತಾಂಶವನ್ನು ಐದನೇ ತರಗತಿಯ ಫಲಿತಾಂಶದ ಜೊತೆ ಹೋಲಿಸುವುದಾದರೆ ಎರಡೂ ಕಡೆ ಇರುವ ಅದೇ ಮಕ್ಕಳನ್ನು ಮಾತ್ರ ಹೋಲಿಸಬೇಕು. ಸ್ಯಾಟ್ಸ್ ಸಂಖ್ಯೆ ಕೈಯಲ್ಲಿರುವವರಿಗೆ ಇದು ಅರ್ಧ ದಿನದ ಕೆಲಸ.

ದಾಖಲಾತಿಯ ಹಳೆಯ ಅಂಕಿಗಳ ಬಗ್ಗೆ ಇನ್ನೊಂದು ಎಚ್ಚರಿಕೆ. 2022-23ರಿಂದ ಯುಡೈಸ್ ಪ್ಲಸ್‌ನಲ್ಲಿ ಶಾಲೆವಾರು ಒಟ್ಟು ಸಂಖ್ಯೆಯ ಬದಲು ಒಂದೊಂದು ಮಗುವಿನ ವಿವರ ತುಂಬಿಸುವ ಪದ್ಧತಿ ಬಂತು. ಎರಡು ಶಾಲೆಯಲ್ಲಿ ಹೆಸರಿದ್ದ ಮಗು ಒಂದೇ ಕಡೆ ಉಳಿಯಿತು. ದೇಶದ ಒಟ್ಟು ದಾಖಲಾತಿ 2021-22ರಲ್ಲಿ ಸುಮಾರು 26.5 ಕೋಟಿ ಇದ್ದದ್ದು 2023-24ಕ್ಕೆ 24.8 ಕೋಟಿಗೆ ಇಳಿದದ್ದರಲ್ಲಿ ಈ ಎಣಿಕೆಯ ಬದಲಾವಣೆಯ ಪಾಲೂ ಇದೆ. ಆದ್ದರಿಂದ 2020ರ ಅಂಕಿಯನ್ನೂ 2024ರ ಅಂಕಿಯನ್ನೂ ಪಕ್ಕಪಕ್ಕ ಇಟ್ಟು ಇಷ್ಟು ಮಕ್ಕಳು ಶಾಲೆ ಬಿಟ್ಟರು ಎಂದು ಬರೆಯುವುದು ತಪ್ಪು. ಇದರ ಮೇಲೆ ಹುಟ್ಟುವ ಮಕ್ಕಳೇ ಕಡಿಮೆಯಾಗಿದ್ದಾರೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಒಟ್ಟು ಫಲವತ್ತತೆ ದರ 1.7. ಶಿರಸಿ, ಸಿದ್ದಾಪುರದಂಥ ಮಲೆನಾಡಿನ ತಾಲ್ಲೂಕಿನಲ್ಲಿ ಶಾಲೆ ಖಾಲಿಯಾಗುವುದಕ್ಕೂ ದೇವದುರ್ಗ, ಸುರಪುರದ ಕಡೆ ತರಗತಿ ಖಾಲಿ ಕಾಣುವುದಕ್ಕೂ ಕಾರಣ ಬೇರೆ ಬೇರೆ. ಮೊದಲನೆಯ ಕಡೆ ಊರಿನಲ್ಲಿ ಮಕ್ಕಳೇ ಕಡಿಮೆ. ಎರಡನೆಯ ಕಡೆ ಮಕ್ಕಳಿದ್ದಾರೆ, ಹೆಸರೂ ಇದೆ, ಹಾಜರಿ ಇಲ್ಲ.

ಆರನೇ ತರಗತಿ ಕೇಳುವುದೇನು

ಐದನೇ ತರಗತಿಯವರೆಗೆ ಪರಿಸರ ಅಧ್ಯಯನ ಎಂದು ಒಂದೇ ಪುಸ್ತಕ. ಆರಕ್ಕೆ ಬಂದ ಕೂಡಲೆ ವಿಜ್ಞಾನ ಬೇರೆ, ಸಮಾಜ ವಿಜ್ಞಾನ ಬೇರೆ, ಮೂರನೇ ಭಾಷೆಯಾಗಿ ಹಿಂದಿ. ಒಂದೇ ಜೂನ್‌ನಲ್ಲಿ ಪುಸ್ತಕದ ಚೀಲ ಬೆಳೆಯುತ್ತದೆ, ವಾಕ್ಯಗಳು ಉದ್ದವಾಗುತ್ತವೆ. ಕಲಿಸುವವರೂ ಬೇರೆಯಾಗಬೇಕು: ಕಾಯ್ದೆಯ ಪ್ರಕಾರ 6ರಿಂದ 8ಕ್ಕೆ ವಿಜ್ಞಾನ ಮತ್ತು ಗಣಿತಕ್ಕೆ ಒಬ್ಬರು, ಸಮಾಜ ವಿಜ್ಞಾನಕ್ಕೆ ಒಬ್ಬರು, ಭಾಷೆಗೆ ಒಬ್ಬರು ಎಂದು ಕನಿಷ್ಠ ಮೂವರು, 35 ಮಕ್ಕಳಿಗೆ ಒಬ್ಬರಂತೆ ಶಿಕ್ಷಕರು, ವರ್ಷಕ್ಕೆ 220 ದಿನ, ಸಾವಿರ ಗಂಟೆ ಪಾಠ.

ಕಾಗದದ ಮೇಲಿನ ಈ ಮೂವರು ನೆಲದ ಮೇಲೆ ಎಷ್ಟೋ ಕಡೆ ಒಬ್ಬರೇ. 2017ರ ವೃಂದ ನಿಯಮಾವಳಿ ಬಂದ ಮೇಲೆ 1ರಿಂದ 5ಕ್ಕೆ ಪಿಎಸ್‌ಟಿ (ಪ್ರಾಥಮಿಕ ಶಾಲಾ ಶಿಕ್ಷಕರು), 6ರಿಂದ 8ಕ್ಕೆ ಜಿಪಿಟಿ (ಪದವೀಧರ ಪ್ರಾಥಮಿಕ ಶಿಕ್ಷಕರು) ಎಂದು ಎರಡು ವೃಂದವಾಯಿತು. ಅದಕ್ಕೆ ಮುಂಚೆ ವರ್ಷಗಟ್ಟಲೆ ಆರು, ಏಳಕ್ಕೆ ಪಾಠ ಮಾಡಿದ ಪದವೀಧರರು ಕೂಡ ಪಿಎಸ್‌ಟಿ ಎಂದೇ ಉಳಿದರು. ಅವರ ಅಸಮಾಧಾನ ಇಂದಿಗೂ ಆರಿಲ್ಲ, ಮತ್ತು ಅದು ನ್ಯಾಯವಾದ ಅಸಮಾಧಾನ. 2022ರಲ್ಲಿ ಜಿಪಿಟಿಯ 15,000 ಹುದ್ದೆಗೆ ಪರೀಕ್ಷೆ ನಡೆದು ಆಯ್ಕೆಯಾದವರು ಸುಮಾರು 13 ಸಾವಿರ. ಕೋರ್ಟು ವ್ಯಾಜ್ಯ ಮುಗಿದು ಅವರು ಶಾಲೆ ಸೇರುವಷ್ಟರಲ್ಲಿ 2023ರ ಕೊನೆ ಬಂತು. ಉಳಿದ ಜಾಗವನ್ನು ಅತಿಥಿ ಶಿಕ್ಷಕರು ತುಂಬುತ್ತಾರೆ. ಪ್ರಾಥಮಿಕ ಶಾಲೆಯಲ್ಲಿ ಅವರಿಗೆ ತಿಂಗಳಿಗೆ 10,000 ರೂಪಾಯಿ ಇತ್ತು, 2025-26ರ ಬಜೆಟ್‌ನಲ್ಲಿ 2,000 ಏರಿತು. ಬಿ.ಎಡ್ ಮಾಡಿದ ವಿಜ್ಞಾನ ಪದವೀಧರರು ಆ ಸಂಬಳಕ್ಕೆ ಹಳ್ಳಿಗೆ ಬಂದು ಪಾಠ ಮಾಡುತ್ತಿದ್ದಾರೆ ಎಂಬುದೇ ದೊಡ್ಡದು.

ಇರುವ ಒಬ್ಬ ಜಿಪಿಟಿ ಎಷ್ಟೋ ಸಲ ಪ್ರಭಾರಿ ಮುಖ್ಯಶಿಕ್ಷಕರೂ ಆಗಿರುತ್ತಾರೆ. ಮೊಟ್ಟೆಯ ಲೆಕ್ಕ, ಹಾಲಿನ ಪುಡಿಯ ಲೆಕ್ಕ, ಸ್ಯಾಟ್ಸ್ ನಮೂದು, ಮತದಾರರ ಪಟ್ಟಿ ಎಲ್ಲ ಅವರದ್ದೇ. 2025ರ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಶಿಕ್ಷಕರು ಹೋದಾಗ ದಸರಾ ರಜೆ ಅಕ್ಟೋಬರ್ 18ರವರೆಗೆ ಮುಂದುವರಿಯಿತು. ಸಮೀಕ್ಷೆ ಬೇಡವೆಂದು ಯಾರೂ ಹೇಳುವುದಿಲ್ಲ. ಆದರೆ ಪಕ್ಕದ ಖಾಸಗಿ ಶಾಲೆಯ ಹಳದಿ ಬಸ್ಸು ಅದೇ ದಿನಗಳಲ್ಲಿ ಊರೊಳಗೆ ಓಡಾಡುತ್ತಿರುವುದನ್ನು ಪೋಷಕರು ಬಾಗಿಲಲ್ಲಿ ನಿಂತು ನೋಡುತ್ತಾರೆ, ಮತ್ತು ಏಪ್ರಿಲ್‌ನಲ್ಲಿ ಅದು ನೆನಪಿಗೆ ಬರುತ್ತದೆ.

714ನ್ನು 7ರಿಂದ ಭಾಗಿಸಿದಾಗ

ಗ್ರಾಮೀಣ ಮಕ್ಕಳ ಕಲಿಕೆಯನ್ನು ಅಳೆಯುವ ಅಸರ್ ವರದಿಯ ಒಂದು ಅಂಕಿಯನ್ನು ನೆನಪಿಟ್ಟುಕೊಳ್ಳಿ. 2024ರಲ್ಲಿ ಗ್ರಾಮೀಣ ಭಾರತದ ಎಂಟನೇ ತರಗತಿಯ ಮಕ್ಕಳಲ್ಲಿ ಮೂರಂಕಿಯನ್ನು ಒಂದಂಕಿಯಿಂದ ಭಾಗಿಸಬಲ್ಲವರು ಶೇ 45.8. 2018ರಲ್ಲೂ ಶೇ 44ರ ಆಸುಪಾಸು. ಕೋವಿಡ್ ಬಂತು ಹೋಯಿತು, ಈ ಅಂಕಿ ಅಲ್ಲಾಡಲಿಲ್ಲ. ಎರಡನೇ ತರಗತಿ ಮಟ್ಟದ ಪಾಠ ಓದಬಲ್ಲ ಎಂಟನೆಯವರು ಶೇ 71ರಷ್ಟು. ಶೇಕಡಾವಾರು ಹೀಗೆ ಹೇಳಿದರೆ ಎಲ್ಲರೂ ತಲೆಯಾಡಿಸುತ್ತಾರೆ, ಏನು ಮಾಡಬೇಕೆಂದು ಯಾರಿಗೂ ಹೊಳೆಯುವುದಿಲ್ಲ. ಅದಕ್ಕೆ ಒಂದು ಮಗುವಿನ ಸ್ಲೇಟನ್ನು ಹತ್ತಿರದಿಂದ ನೋಡುವುದು ಒಳ್ಳೆಯದು.

ಆರನೇ ತರಗತಿಗೆ ಹೊಸದಾಗಿ ಬಂದವರಿಗೆ 714 ÷ 7 ಕೊಡಿ. ಉತ್ತರ 102. ಬಹಳ ಮಕ್ಕಳು 12 ಎಂದು ಬರೆಯುತ್ತಾರೆ. ಮಗ್ಗಿ ಬರದೆ ಆದ ತಪ್ಪಲ್ಲ ಇದು. ಏಳೊಂದ್ಲ ಏಳು ಎಂದು ನೂರರ ಜಾಗದಲ್ಲಿ 1 ಬರೆದರು. ಮುಂದೆ 1 ಇಳಿಸಿದರು, ಅದು ಏಳಕ್ಕಿಂತ ಚಿಕ್ಕದು, ಭಾಗ ಹೋಗುವುದಿಲ್ಲ. ಅಲ್ಲಿ ಸೊನ್ನೆ ಬರೆಯಬೇಕಿತ್ತು. ಬರೆಯದೆ 4ನ್ನೂ ಇಳಿಸಿ 14 ಮಾಡಿ, ಏಳೆರಡ್ಲ ಹದಿನಾಲ್ಕು ಎಂದು 2 ಸೇರಿಸಿದರು. ಹನ್ನೆರಡು. ಈ ಮಗುವಿಗೆ ಭಾಗಾಕಾರದ ಹೆಜ್ಜೆಗಳು ಬರುತ್ತವೆ, ಸ್ಥಾನಬೆಲೆ ಬರುವುದಿಲ್ಲ. ಇದಕ್ಕೆ ಮತ್ತೆ ಮಗ್ಗಿ ಬಾಯಿಪಾಠ ಮಾಡಿಸಿದರೆ ಏನೂ ಪ್ರಯೋಜನವಿಲ್ಲ.

402 − 157 ಕೊಟ್ಟು ನೋಡಿ. 245 ಬರಬೇಕಾದ ಕಡೆ 355 ಬಂದರೆ ಮಗು ಪ್ರತಿ ಜಾಗದಲ್ಲೂ ದೊಡ್ಡದರಿಂದ ಚಿಕ್ಕದನ್ನು ಕಳೆದಿದೆ: ನಾಲ್ಕರಲ್ಲಿ ಒಂದು ಹೋಗಿ ಮೂರು, ಐದರಲ್ಲಿ ಸೊನ್ನೆ ಹೋಗಿ ಐದು, ಏಳರಲ್ಲಿ ಎರಡು ಹೋಗಿ ಐದು. ಇದೂ ಸ್ಥಾನಬೆಲೆಯ ಕಾಯಿಲೆಯೇ. ಈ ಎರಡು ಲೆಕ್ಕ ಸಾಕು, ಹತ್ತು ನಿಮಿಷದಲ್ಲಿ ಇಡೀ ತರಗತಿಯ ಸ್ಥಿತಿ ತಿಳಿಯುತ್ತದೆ. ಅಂಕ ಬರೆದಿಡುವುದಕ್ಕಿಂತ ಮಗು ಬರೆದ ತಪ್ಪು ಉತ್ತರವನ್ನೇ ಬರೆದಿಡಿ, ಏಕೆಂದರೆ ಮದ್ದು ಅದರಲ್ಲಿದೆ.

ಮದ್ದು ಆಟದ ನೋಟು. ನೂರರ ಏಳು ನೋಟು, ಹತ್ತರ ಒಂದು ನೋಟು, ಒಂದು ರೂಪಾಯಿಯ ನಾಲ್ಕು ನಾಣ್ಯ. ಏಳು ಮಕ್ಕಳನ್ನು ಸುತ್ತ ಕೂರಿಸಿ ಸಮನಾಗಿ ಹಂಚಲು ಹೇಳಿ. ನೂರರ ನೋಟು ತಲೆಗೊಂದು ಬಂತು. ಹತ್ತರ ನೋಟು ಒಂದೇ ಇದೆ, ಏಳು ಜನಕ್ಕೆ ಹಂಚಲಾಗದು. ಯಾರ ಕೈಗೂ ಹತ್ತರ ನೋಟು ಬರಲಿಲ್ಲ, ಹಾಗಾದರೆ ಹತ್ತರ ಜಾಗದಲ್ಲಿ ಏನು ಬರೆಯಬೇಕು? ಮಕ್ಕಳೇ "ಸೊನ್ನೆ" ಅನ್ನುತ್ತಾರೆ. ಆ ನೋಟನ್ನು ಚಿಲ್ಲರೆ ಮಾಡಿಸಿದರೆ ಹತ್ತು ನಾಣ್ಯ, ಮೊದಲಿನ ನಾಲ್ಕು ಸೇರಿ ಹದಿನಾಲ್ಕು, ತಲೆಗೆ ಎರಡು. ಕೈಯಲ್ಲಿ 102 ರೂಪಾಯಿ ಹಿಡಿದ ಮಗು ಸ್ಲೇಟಿನ ಮೇಲೆ 12 ಎಂದು ಬರೆಯುವುದಿಲ್ಲ. ಗಣಿತ ಕಲಿಕಾ ಆಂದೋಲನದಲ್ಲಿ ಬಂದ ಕಿಟ್ಟು ಎಷ್ಟೋ ಶಾಲೆಯ ಬೀರುವಿನಲ್ಲಿ ಭದ್ರವಾಗಿದೆ. ನಾಲ್ಕು ಮತ್ತು ಐದಕ್ಕೆಂದು ಬಂದದ್ದು ನಿಜ, ಆರನೇ ತರಗತಿಗೆ ತೆಗೆದುಕೊಂಡು ಹೋದರೆ ಯಾರೂ ತಪ್ಪು ಹಿಡಿಯುವುದಿಲ್ಲ.

ಓದಿನಲ್ಲೂ ಹೀಗೇ ಒಂದು ಗಂಟು ಇದೆ, ಮತ್ತು ಅದು ಕನ್ನಡ ಲಿಪಿಯ ಗಂಟು. ಎರಡನೇ ತರಗತಿ ಮಟ್ಟದ ಪಾಠದಲ್ಲಿ ಒತ್ತಕ್ಷರ ಕಡಿಮೆ, ಇದ್ದರೂ ಅಮ್ಮ, ಅಕ್ಕ, ಹಳ್ಳಿ, ಬೆಟ್ಟದಂಥ ಸಜಾತಿ ಒತ್ತು. ಅದನ್ನು ಸರಾಗ ಓದುವ ಮಗು ಆರನೇ ತರಗತಿಯ ವಿಜ್ಞಾನದ ಮುಂದೆ ನಿಲ್ಲುತ್ತದೆ. ದ್ಯುತಿಸಂಶ್ಲೇಷಣೆ. ಆರು ಅಕ್ಷರ, ಅದರಲ್ಲಿ ದ್ಯು, ಶ್ಲೇ ಎರಡು ವಿಜಾತಿ ಒತ್ತು, ನಡುವೆ ಒಂದು ಅನುಸ್ವಾರ, ಜೊತೆಗೆ ಶ ಮತ್ತು ಷ ಎರಡೂ. ಮಗು ದು-ತಿ ಎಂದು ಶುರುಮಾಡಿ ಮುಂದಿನ ಪದಕ್ಕೆ ಹಾರುತ್ತದೆ. ಅರ್ಕಾವೊತ್ತು ಇನ್ನೂ ಕಷ್ಟ: ವರ್ಗ, ಮಾರ್ಗ, ಘರ್ಷಣೆ ಇವುಗಳಲ್ಲಿ ಮೊದಲು ಉಚ್ಚರಿಸಬೇಕಾದ ರಕಾರವನ್ನು ನಾವು ಕೊನೆಗೆ ಬರೆಯುತ್ತೇವೆ. ಓದುವ ಪರೀಕ್ಷೆಯಲ್ಲಿ ಪಾಸಾದ ಮಗು ವಿಜ್ಞಾನದಲ್ಲಿ ಫೇಲಾಗುವುದಕ್ಕೆ ಎಷ್ಟೋ ಸಲ ಕಾರಣ ವಿಜ್ಞಾನ ತಿಳಿಯದ್ದಲ್ಲ, ಆ ಪದ ಬಾಯಿಗೆ ಬರದ್ದು. ಪಾಠ ಶುರುಮಾಡುವ ಹಿಂದಿನ ದಿನವೇ ಅದರಲ್ಲಿರುವ ಎಂಟು ಹತ್ತು ಕಷ್ಟದ ಪದಗಳನ್ನು ಹಲಗೆಯ ಮೂಲೆಯಲ್ಲಿ ಬರೆದು, ಅಕ್ಷರ ಬಿಡಿಸಿ ಓದಿಸಿ, ಒಂದೊಂದು ಸಲ ಬರೆಸಿದರೆ ಮಾರನೆಯ ದಿನದ ಪಾಠದಲ್ಲಿ ಹಿಂದಿನ ಬೆಂಚಿನಿಂದಲೂ ಉತ್ತರ ಬರುತ್ತದೆ.

ಇದಕ್ಕೆಲ್ಲ ಸಮಯ ಎಲ್ಲಿ ಎಂದು ಕೇಳಬಹುದು. ಸಮಯ ಇದೆ, ಅದರ ಹೆಸರು ಸೇತುಬಂಧ. ಜೂನ್‌ನಲ್ಲಿ ಪೂರ್ವ ಪರೀಕ್ಷೆ, ಪರಿಹಾರ ಬೋಧನೆ, ಕೊನೆಗೆ ಸಾಫಲ್ಯ ಪರೀಕ್ಷೆ. ಕಲ್ಪನೆ ಚೆನ್ನಾಗಿದೆ. ಕೆಡುವುದು ಎರಡು ಕಡೆ. ಮೊದಲನೆಯದು, ದಾಖಲಾತಿ ಜೂನ್ ಪೂರ್ತಿ ನಡೆಯುತ್ತದೆ. ಸುತ್ತಲಿನ ಕಿರಿಯ ಶಾಲೆಯಿಂದ ಟಿಸಿ ತಂದು ಮೂರನೇ ವಾರದಲ್ಲಿ ಸೇರಿದ ಮಗು, ಯಾರಿಗೆ ಸೇತುಬಂಧ ಎಲ್ಲರಿಗಿಂತ ಹೆಚ್ಚು ಬೇಕೋ ಅದೇ ಮಗು, ಅದನ್ನು ತಪ್ಪಿಸಿಕೊಳ್ಳುತ್ತದೆ. ಎರಡನೆಯದು, ದಾಖಲೆಗೆ ಬೇಕಾದದ್ದು ಸಾಫಲ್ಯ ಪರೀಕ್ಷೆಯ ಅಂಕ, ಹಾಗಾಗಿ ಪೂರ್ವ ಪರೀಕ್ಷೆಯ ಪ್ರಶ್ನೆಗಳನ್ನೇ ಸ್ವಲ್ಪ ತಿರುಗಿಸಿ ಕೊಟ್ಟು ಮುಗಿಸುವ ರೂಢಿ ಬೆಳೆದಿದೆ.

ಕೆಲಸ ಮಾಡುವ ದಾರಿ ಇದು: ಸೇತುಬಂಧ ಮುಗಿಯಿತೆಂದು ನಿಲ್ಲಿಸದೆ ದಸರೆಯವರೆಗೆ ದಿನಕ್ಕೆ ಒಂದು ಅವಧಿ, 40 ನಿಮಿಷ, ಬೆಳಗಿನ ಪ್ರಾರ್ಥನೆ ಮುಗಿದ ತಕ್ಷಣ. ಆರು ಮತ್ತು ಏಳನೇ ತರಗತಿಯ ಮಕ್ಕಳನ್ನು ಕೂಡಿಸಿ ಮೂರು ಗುಂಪು: ಕಳೆಯುವುದು ಬಾರದವರು, ಭಾಗಾಕಾರ ಬಾರದವರು, ಎರಡೂ ಬರುವವರು. ಪ್ರಥಮ್ ಸಂಸ್ಥೆ ವರ್ಷಗಳಿಂದ ಹೇಳುತ್ತಿರುವುದು ಇದನ್ನೇ, ತರಗತಿ ನೋಡದೆ ಮಟ್ಟ ನೋಡಿ ಕೂರಿಸಿ ಎಂದು. ಮೂರನೇ ಗುಂಪಿಗೆ ಶಿಕ್ಷಕರ ಅಗತ್ಯ ಕಡಿಮೆ, ಭಿನ್ನರಾಶಿಯ ಲೆಕ್ಕ ಕೊಟ್ಟರೆ ತಾವೇ ಮಾಡಿಕೊಳ್ಳುತ್ತಾರೆ. ಇರುವ ಒಬ್ಬಿಬ್ಬರು ಮೊದಲ ಎರಡು ಗುಂಪಿನ ಜೊತೆ ಕೂರಬೇಕು. ಎರಡು ವಾರಕ್ಕೊಮ್ಮೆ ಅದೇ ಎರಡು ಬಗೆಯ ಲೆಕ್ಕ ಬೇರೆ ಅಂಕಿಯಲ್ಲಿ ಕೊಟ್ಟು ಗುಂಪು ಬದಲಿಸಬೇಕು. ಗುಂಪು ಬದಲಾಗದಿದ್ದರೆ ಮಕ್ಕಳಿಗೆ ಅದು ದಡ್ಡರ ಬೆಂಚು ಎಂದಾಗಿಬಿಡುತ್ತದೆ, ಅಲ್ಲಿಗೆ ಎಲ್ಲ ಕೆಟ್ಟಿತು. ತಡವಾಗಿ ಸೇರಿದ ಮಗುವನ್ನು ಸೇರಿದ ದಿನವೇ ಎರಡು ಲೆಕ್ಕ ಮಾಡಿಸಿ ಗುಂಪಿಗೆ ಹಾಕಬಹುದು. ಸಿಲಬಸ್ ಹಿಂದೆ ಬೀಳುತ್ತದೆಂಬ ಭಯ ಬೇಡ. 102 ಮತ್ತು 12ರ ವ್ಯತ್ಯಾಸ ತಿಳಿಯದ ಮಗುವಿಗೆ ದಶಮಾಂಶದ ಪಾಠ ಮುಗಿಸಿದರೂ ಅದು ಮುಗಿದದ್ದಲ್ಲ.

ಹೆಸರಿದೆ, ಹಾಜರಿ ಇಲ್ಲ

ನಂಜುಂಡಪ್ಪ ಸಮಿತಿ 2002ರಲ್ಲಿ ತಾಲ್ಲೂಕುಗಳ ಹಿಂದುಳಿದಿರುವಿಕೆಯನ್ನು ಅಳೆದಾಗ ಎಲ್ಲಕ್ಕಿಂತ ಕೆಳಗೆ ನಿಂತದ್ದು ರಾಯಚೂರು ಜಿಲ್ಲೆಯ ದೇವದುರ್ಗ. ಆ ಭಾಗದಲ್ಲಿ ದಸರಾ ರಜೆ ಮುಗಿದ ಮೇಲಿನ ಹಾಜರಿ ಪುಸ್ತಕ ನೋಡಬೇಕು. ಅಕ್ಟೋಬರ್‌ನಿಂದ ಹತ್ತಿ ಬಿಡಿಸುವ ಕಾಲ, ಅದಾದ ಮೇಲೆ ಮೆಣಸಿನಕಾಯಿ. ಬಿಡಿಸಿದ ತೂಕಕ್ಕೆ ಕೂಲಿ, ಹಾಗಾಗಿ ಹನ್ನೊಂದು ವರ್ಷದ ಕೈಗೂ ಬೆಲೆ ಇದೆ. ಒಂದನೇ ತರಗತಿಯ ಮಗುವನ್ನು ಹೊಲಕ್ಕೆ ಕರೆದುಕೊಂಡು ಹೋದರೆ ಹೊರೆ, ಆರನೇ ತರಗತಿಯ ಮಗುವನ್ನು ಕರೆದುಕೊಂಡು ಹೋದರೆ ಆದಾಯ. ಹುಡುಗಿಯಾದರೆ ಹೊಲಕ್ಕೆ ಹೋಗದಿದ್ದರೂ ಮನೆಯಲ್ಲಿ ತಮ್ಮನನ್ನು ನೋಡಿಕೊಳ್ಳಬೇಕು. ಈ ವಯಸ್ಸಿಗೇ ಹಾಜರಿ ಕುಸಿಯುವುದು ಇದಕ್ಕೆ.

ಕರ್ನಾಟಕದಲ್ಲಿ ಮಗು ಏಳು ದಿನ ಸತತವಾಗಿ ಕಾರಣ ತಿಳಿಸದೆ ಬಾರದಿದ್ದರೆ ಅದನ್ನು ಗಂಭೀರವಾಗಿ ತೆಗೆದುಕೊಂಡು ಮನೆಗೆ ಹೋಗಬೇಕೆಂಬ ನಿಯಮವಿದೆ. ನಿಯಮ ಸೋಲುವುದು "ಸತತ" ಎಂಬ ಪದದಲ್ಲಿ. ವಾರದಲ್ಲಿ ಎರಡು ದಿನ ಬಂದು ಹೋಗುವ ಮಗು ಎಂದಿಗೂ ಏಳು ದಿನ ಮುಟ್ಟುವುದಿಲ್ಲ. ಆದ್ದರಿಂದ ತಿಂಗಳ ಕೊನೆಗೆ ಒಟ್ಟು ಹಾಜರಿ ಕೂಡಿಸುವಾಗ ಶೇ 60ಕ್ಕಿಂತ ಕೆಳಗಿರುವ ಹೆಸರಿಗೆ ಕೆಂಪು ಗೆರೆ ಎಳೆಯಿರಿ. ಸೋಮವಾರ ಇಲ್ಲದವರು ಸಂತೆಗೆ, ಸಂಬಂಧಿಕರ ಮನೆಗೆ ಹೋದವರು. ವಾರದ ನಡುವೆ ಇಲ್ಲದವರು ಕೂಲಿಗೆ ಹೋದವರು. ತಿಂಗಳಿಗೆ ಮೂರು ನಾಲ್ಕು ದಿನ ಒಟ್ಟಿಗೆ ಕಾಣೆಯಾಗುವ ಆರು, ಏಳನೆಯ ಹುಡುಗಿಯರಿಗೆ ಶೌಚಾಲಯದಲ್ಲಿ ನೀರು ಬರುತ್ತಿದೆಯೇ, ಶುಚಿ ಯೋಜನೆಯ ಪ್ಯಾಡ್ ಶಾಲೆಗೆ ತಲುಪಿದೆಯೇ, ಬಾಗಿಲಿಗೆ ಚಿಲಕ ಇದೆಯೇ ನೋಡಿ. ಚಿಲಕಕ್ಕೆ ದೊಡ್ಡ ಖರ್ಚಿಲ್ಲ.

ಗುಳೆ ಹೋಗುವ ಮನೆಯವರ ಮಕ್ಕಳಿಗೆ ಕೇಂದ್ರ ಮತ್ತು ರಾಜ್ಯ ಸೇರಿ ನಡೆಸುವ ಸಮಗ್ರ ಶಿಕ್ಷಣ ಯೋಜನೆಯಲ್ಲಿ ಋತುಮಾನದ ವಸತಿ ವ್ಯವಸ್ಥೆಗೆ ಅವಕಾಶವಿದೆ, ಹುಡುಗಿಯರಿಗೆ ವಸತಿ ಶಾಲೆಯಾದ ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯವಿದೆ. ಹೆಸರು ಕೊಡಬೇಕಾದದ್ದು ಮನೆಯವರು ಹೊರಡುವ ಮುಂಚೆ. ಗುಳೆ ಹೊರಟ ಮೇಲೆ ಪಟ್ಟಿ ಮಾಡಲು ಹೋದರೆ ಸಿಗುವುದು ಬೀಗ. ಇತ್ತ ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಿಗೆ ಅಸ್ಸಾಮಿನಿಂದ ಬಂದ ಕುಟುಂಬಗಳ ಮಕ್ಕಳು ಕನ್ನಡ ಶಾಲೆಯ ಬೆಂಚು ತುಂಬುತ್ತಿದ್ದಾರೆ. ಅವರನ್ನು ವಯಸ್ಸು ನೋಡಿ ಆರನೇ ತರಗತಿಗೆ ಹಾಕುವುದು ಕಾಯ್ದೆಯ ಪ್ರಕಾರ ಸರಿ, ಕನ್ನಡ ಅಕ್ಷರ ಮಾತ್ರ ಮೊದಲಿನಿಂದ ಶುರುವಾಗಬೇಕು.

ಮಕ್ಕಳ ಸಂಖ್ಯೆಗೂ ಹಣಕ್ಕೂ ಇರುವ ನಂಟು ಊರಿನವರಿಗೆ ತಿಳಿದಿರುವುದು ಒಳ್ಳೆಯದು. ಸಮಗ್ರ ಶಿಕ್ಷಣದ ಶಾಲಾ ಅನುದಾನ 30 ಮಕ್ಕಳವರೆಗೆ 10,000, ನೂರರವರೆಗೆ 25,000, 250ರವರೆಗೆ 50,000 ರೂಪಾಯಿ. ನೂರೊಂದು ಮಕ್ಕಳಿದ್ದ ಶಾಲೆಯಿಂದ ಎರಡು ಟಿಸಿ ಹೋದರೆ ಅನುದಾನ ಅರ್ಧಕ್ಕಿಳಿಯುತ್ತದೆ. ಅಡುಗೆಯವರ ಸಂಖ್ಯೆಯೂ ಹಾಗೇ: 25ರವರೆಗೆ ಒಬ್ಬರು, ನೂರರವರೆಗೆ ಇಬ್ಬರು. ಯುಡೈಸ್‌ಗೆ ಸೆಪ್ಟೆಂಬರ್ 30ರ ದಾಖಲಾತಿಯೇ ಲೆಕ್ಕ.

ಇಂಗ್ಲಿಷ್‌ನ ಸೆಳೆತದ ಬಗ್ಗೆ ಚುಟುಕಾಗಿ ಹೇಳಿದರೆ ಸಾಕು. 2019-20ರಲ್ಲಿ ಸಾವಿರ ಸರ್ಕಾರಿ ಶಾಲೆಯಲ್ಲಿ ಒಂದನೇ ತರಗತಿಗೆ ಇಂಗ್ಲಿಷ್ ಮಾಧ್ಯಮ ವಿಭಾಗ ತೆರೆದಾಗ ಪೋಷಕರು ಮುಗಿಬಿದ್ದರು. ಆ ಮೊದಲ ತಂಡ 2024-25ಕ್ಕೆ ಆರನೇ ತರಗತಿಗೆ ಬಂತು. ಎರಡು ಭಾಷೆಯ ಪಠ್ಯಪುಸ್ತಕ ಅವರ ಕೈಯಲ್ಲಿದೆ. ಆರನೇ ತರಗತಿಯ ವಿಜ್ಞಾನವನ್ನು ಇಂಗ್ಲಿಷ್‌ನಲ್ಲಿ ಕಲಿಸಬಲ್ಲ ಜಿಪಿಟಿ ಆ ಶಾಲೆಯಲ್ಲಿ ಇದ್ದಾರೆಯೇ ಎಂಬುದನ್ನು ಬೋರ್ಡು ಬರೆಸುವ ಮುಂಚೆಯೇ ನೋಡಬೇಕಿತ್ತು. ಇಲ್ಲದ ಕಡೆ ಐದರವರೆಗೆ ಉಳಿಸಿಕೊಂಡ ಮಕ್ಕಳು ಆರಕ್ಕೆ ಖಾಸಗಿಗೇ ಹೋಗುತ್ತಾರೆ.

ಏಳರ ನಂತರದ ಬಾಗಿಲು

ಏಳನೇ ತರಗತಿ ಮುಗಿದ ಮೇಲೆ ಮತ್ತೆ ಅದೇ ಹಾಳೆ, ಅದೇ ಖಾಲಿ ಅಂಕಣ. ಈ ಸಲ ಹೋಗಬೇಕಾದ ದೂರ ಹೆಚ್ಚು. ಎಂಟನೇ ತರಗತಿಯವರಿಗೆ 2006-07ರಿಂದ ಕೊಡುತ್ತಿದ್ದ ಸೈಕಲ್ ಕೋವಿಡ್ ಕಾಲದಲ್ಲಿ ನಿಂತುಹೋಯಿತು. 2023ರ ಜೂನ್‌ನಿಂದ ಶಕ್ತಿ ಯೋಜನೆ ಬಂದು ಹುಡುಗಿಯರಿಗೆ ಬಸ್ಸು ಉಚಿತವಾಯಿತು, ಆದರೆ ಬಸ್ಸು ಊರಿಗೆ ಬರಬೇಕಲ್ಲ. ಎಸ್‌ಡಿಎಂಸಿಯವರು ಮೇ ತಿಂಗಳಲ್ಲೇ ಹೈಸ್ಕೂಲಿಗೆ ಹೋಗುವ ಮಕ್ಕಳ ಸಂಖ್ಯೆ, ಹತ್ತುವ ಜಾಗ, ಬೆಳಿಗ್ಗೆ ತಲುಪಬೇಕಾದ ಸಮಯ, ಸಂಜೆ ಬಿಡುವ ಸಮಯ ಬರೆದು ಗ್ರಾಮ ಪಂಚಾಯಿತಿಯ ನಿರ್ಣಯದ ಜೊತೆ ಡಿಪೋ ವ್ಯವಸ್ಥಾಪಕರಿಗೆ ಕೊಡಬೇಕು. "ಬಸ್ಸು ಬಿಡಿ" ಎಂಬ ಬರಿ ಮನವಿಗಿಂತ 23 ಮಕ್ಕಳು, ಬೆಳಿಗ್ಗೆ 8.40, ಇಂಥ ಕ್ರಾಸು ಎಂದು ಬರೆದ ಮನವಿಗೆ ಉತ್ತರ ಬೇಗ ಬರುತ್ತದೆ. ಶಾಲೆ ಶುರುವಾದ ಮೇಲೆ ಕೊಟ್ಟರೆ ರೂಟುಗಳ ವೇಳಾಪಟ್ಟಿ ಆಗಲೇ ಆಗಿರುತ್ತದೆ.

ಟಿಸಿ ಪಡೆದ ಮಗುವನ್ನು ಹೈಸ್ಕೂಲಿನವರು ದಾಖಲಿಸಿಕೊಳ್ಳುವವರೆಗೆ ಯುಡೈಸ್ ಪ್ಲಸ್‌ನಲ್ಲಿ ಅದರ ಹೆಸರು ಡ್ರಾಪ್ ಬಾಕ್ಸ್‌ನಲ್ಲಿ ಕೂತಿರುತ್ತದೆ. ಜುಲೈ ಮೊದಲ ವಾರ ಅದನ್ನು ತೆರೆದು ನೋಡಿ. ಅಲ್ಲಿ ಉಳಿದ ಹೆಸರುಗಳು ಸಾಮಾನ್ಯವಾಗಿ ಮೂರೋ ನಾಲ್ಕೋ, ಮನೆ ಇರುವುದೂ ಅದೇ ಊರಿನಲ್ಲಿ. ಸಂಜೆ ಆರರ ಮೇಲೆ ಹೋದರೆ ತಾಯಿ ತಂದೆ ಇಬ್ಬರೂ ಸಿಗುತ್ತಾರೆ. ಹೋಗುವಾಗ ಹೈಸ್ಕೂಲಿನ ದಾಖಲಾತಿ ಅರ್ಜಿಯನ್ನು ಜೊತೆಗೇ ಒಯ್ಯಿರಿ, ಆಧಾರ್‌ನಲ್ಲಿ ಹೆಸರು ಟಿಸಿಯಲ್ಲಿರುವಂತೆಯೇ ಇದೆಯೇ ಅಲ್ಲೇ ನೋಡಿ. ಒಂದು ಅಕ್ಷರ ಹೆಚ್ಚುಕಮ್ಮಿಯಾದದ್ದಕ್ಕೆ ವಾಪಸ್ ಕಳಿಸಲಾಗಿ, ಮತ್ತೆ ಹೋಗುವುದಕ್ಕೆ ಒಂದು ದಿನದ ಕೂಲಿ ಬಿಡಲಾಗದೆ ಸುಮ್ಮನಾದ ಮನೆಗಳು ಈ ಪಟ್ಟಿಯಲ್ಲಿ ಇದ್ದೇ ಇರುತ್ತವೆ. ಜುಲೈನಲ್ಲಿ ಹೋದರೆ ಸೇರಿಸಬಹುದು. ಅಕ್ಟೋಬರ್‌ನಲ್ಲಿ ಹೋದರೆ ಮಗು ಹತ್ತಿ ಹೊಲದಲ್ಲಿರುತ್ತದೆ.